ವಿಷವಾಯುವಿನ ಸುಳಿವು: ಗ್ರಾಫೀನ್ ಸಂವೇದಕಗಳೂ ಹಾಸನ ಸೀಮೆಯ ಗಾಳಿಯೂ

(ಹಾಸನದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಗಾಳಿಯ ಕಾವಲಿಗೆಂದು ಪ್ರಕೃತಿಯು ಮನುಷ್ಯನಿಗೆ ಕೊಟ್ಟಿರುವುದು ಮೂಗನ್ನು. ತಳಹತ್ತಿದ ಹಾಲನ್ನೂ, ಮುಗ್ಗಿದ ರಾಗಿಯನ್ನೂ, ಅಟ್ಟದ ಮೂಲೆಯಲ್ಲಿ ಸುಡತೊಡಗಿದ ತಂತಿಯನ್ನೂ ಕಣ್ಣಿಗಿಂತ ಮೊದಲು ಪತ್ತೆಹಚ್ಚಿ ನಮ್ಮನ್ನು ಎಚ್ಚರಿಸುವ ಈ ಇಂದ್ರಿಯದ ಉಪಕಾರವನ್ನು ನಾವು ನೆನೆಯುವುದು ಕಡಮೆ. ಆದರೆ ಈ ಸಂಜೆ ನಾನು ಪ್ರಸ್ತಾಪಿಸಬೇಕೆಂದಿರುವ ನಾಲ್ಕು ಅನಿಲಗಳ ಮುಂದೆ ಆ ಕಾವಲು ಒಂದಲ್ಲ ಒಂದು ಬಗೆಯಲ್ಲಿ ಕೈಕೊಡುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದ ಹೀಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಿಗಿಯಿಂದ ಹಿಡಿದುಕೊಂಡು, ತಲೆನೋವು, ಓಕರಿಕೆ, ಮಂಪರು ಎಂಬ ಸಾಧಾರಣ ಬಳಲಿಕೆಯ ರೂಪದಲ್ಲಿ ಬಂದು, ಮಲಗಿದವರನ್ನು ಮಲಗಿದಂತೆಯೇ ಕೊಲ್ಲುತ್ತದೆ. ಹೈಡ್ರೋಜನ್ ಸಲ್ಫೈಡಿಗೆ ಕೊಳೆತ ಮೊಟ್ಟೆಯ ನಾತವುಂಟು, ಅತ್ಯಲ್ಪ ಪ್ರಮಾಣದಲ್ಲಿದ್ದಾಗಲೂ ಮೂಗು ಅದನ್ನು ಗುರುತಿಸಬಲ್ಲದು. ಆದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 100 ಪಾಲಿಗೇರಿತೆಂದರೆ ಕೆಲವೇ ನಿಮಿಷಗಳಲ್ಲಿ ಘ್ರಾಣನರವು ಮರಗಟ್ಟಿ, ನಾತ ಅಡಗಿತು, ಇನ್ನು ಭಯವಿಲ್ಲ ಎಂದು ಮನುಷ್ಯನು ಭಾವಿಸುವ ಹೊತ್ತೇ ಅವನ ಪ್ರಾಣಕ್ಕೆ ಕುತ್ತಾಗುತ್ತದೆ. ನೈಟ್ರೋಜನ್ ಡೈಆಕ್ಸೈಡು ಗಂಟಲಲ್ಲಿ ತುಸು ಕೆರೆತವನ್ನುಂಟುಮಾಡಿ ಶಮನವಾದಂತೆ ತೋರಿ, ಹಲವು ಗಂಟೆಗಳು ಕಳೆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತದೆ. ಅಮೋನಿಯಾ ಮಾತ್ರ ಬಂದ ಕೂಡಲೆ ಕಣ್ಣಿಗೂ ಮೂಗಿಗೂ ಚುಚ್ಚಿ ತನ್ನ ಬರವನ್ನು ಸಾರುತ್ತದೆ. ಆದರೂ ದಿನವಿಡೀ ಅದರ ನಡುವೆ ದುಡಿಯುವವನ ಮೂಗು ಅದಕ್ಕೆ ಒಗ್ಗಿಹೋಗಿ, ಸಣ್ಣ ಸೋರಿಕೆಯು ದೊಡ್ಡದಾಗುತ್ತಿರುವುದನ್ನು ಅವನಿಗೆ ತಿಳಿಸದೆಹೋಗುತ್ತದೆ.

ನಮ್ಮ ಹಿರಿಯರು ಈ ಭಯವನ್ನು ಅರಿಯದವರಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ರಾಗಿಯ ಹಗೇವನ್ನು ತೆರೆದ ಕೂಡಲೆ ಯಾರೂ ಒಳಗಿಳಿಯುತ್ತಿರಲಿಲ್ಲ. ಬಾಯ ಮೇಲಿನ ಚಪ್ಪಡಿಯನ್ನು ಸರಿಸಿ, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಉರಿಯುತ್ತಿದ್ದರೆ ಮಾತ್ರ ಆಳನ್ನು ಇಳಿಸುವುದು ಬಲ್ಲವರ ಪದ್ಧತಿ. ಧಾನ್ಯದ ಉಸಿರಾಟದಿಂದ ಇಂಗಾಲಾಮ್ಲವು ತುಂಬಿ ಆಮ್ಲಜನಕವು ಕ್ಷಯಿಸಿದೆಯೆ ಎಂಬ ಒಂದು ಪ್ರಶ್ನೆಗೆ ಆ ದೀಪವು ಸತ್ಯವಾದ ಉತ್ತರವನ್ನೇ ಕೊಡುತ್ತದೆ. ಆದರೆ ಅದಕ್ಕೆ ಬರುವ ಉತ್ತರ ಅದೊಂದೇ: ಸಾವಿರ ಪಾಲು ಗಾಳಿಯಲ್ಲಿ ಒಂದೆರಡು ಪಾಲು ಕಾರ್ಬನ್ ಮಾನಾಕ್ಸೈಡು ಬೆರೆತು ಮನುಷ್ಯನು ಉರುಳುವ ಸ್ಥಿತಿಯಲ್ಲಿಯೂ ದೀಪವು ನೆಟ್ಟಗೆ ಉರಿಯುತ್ತಲೇ ಇರುತ್ತದೆ. ಮೂಗಿಗೆ ನಿಲುಕದ, ದೀಪಕ್ಕೆ ತಿಳಿಯದ ಈ ವಿಷಗಳನ್ನು ಕಾಣಿಸಿಕೊಡುವ ಒಂದು ಸಾಧನವು, ಅದೂ ದುಡಿಯುವವನ ಕೈಗೆ ಎಟುಕುವ ಬೆಲೆಯಲ್ಲಿ, ಸಾಧ್ಯವೆ ಎಂಬುದೇ ಇಂದಿನ ಉಪನ್ಯಾಸದ ವಿಷಯ.

ವಿಷಾನಿಲವೆಂದೊಡನೆ ನಮ್ಮ ಮನಸ್ಸು 1984ರ ಡಿಸೆಂಬರ್ 2ರ ರಾತ್ರಿಯ ಭೋಪಾಲಕ್ಕೆ ಹೋಗುತ್ತದೆ. ಹೋಗಬೇಕಾದದ್ದೇ, ಆದರೆ ಆ ಮಹಾದುರಂತದ ನೆನಪು ನಮಗೆ ಒಂದು ಅಪಕಾರವನ್ನೂ ಮಾಡಿದೆ. ವಿಷವಾಯುವು ದೊಡ್ಡ ನಗರದ ದೊಡ್ಡ ಕಾರ್ಖಾನೆಯ ಕೇಡು, ಹೊಲಗದ್ದೆಗಳ ಸೀಮೆಗೆ ಅದರ ಗೊಡವೆಯಿಲ್ಲ ಎಂಬ ಭಾವನೆಯು ನಮ್ಮಲ್ಲಿ ಬೇರುಬಿಟ್ಟಿದೆ. ಈ ಜಿಲ್ಲೆಯ ಉದ್ಯೋಗಗಳನ್ನೇ ಒಂದೊಂದಾಗಿ ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ.

ಹಾಸನದ ಆಲೂಗೆಡ್ಡೆಯ ವಿಚಾರವನ್ನು ನಿಮಗೆ ನಾನು ಹೇಳಬೇಕಾದುದಿಲ್ಲ. ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆಯು ಮುಂಗಾರು ಬೀಳುವವರೆಗೆ ಮೊಳೆಯದೆ, ಕೊಳೆಯದೆ ಉಳಿಯಬೇಕಾದರೆ ಅದನ್ನು ಎರಡರಿಂದ ನಾಲ್ಕು ಡಿಗ್ರಿ ಶೈತ್ಯದಲ್ಲಿ, ನೂರಕ್ಕೆ ತೊಂಬತ್ತಕ್ಕೂ ಮೇಲಿನ ಆರ್ದ್ರತೆಯಲ್ಲಿ ಇರಿಸಬೇಕು. ಆ ಶೈತ್ಯವನ್ನು ಒದಗಿಸುವುದು ನಮ್ಮ ದೇಶದ ಬಹುಪಾಲು ಕೋಲ್ಡ್ ಸ್ಟೋರೇಜುಗಳಲ್ಲಿಯೂ ದೊಡ್ಡ ಹಾಲಿನ ಡೇರಿಗಳಲ್ಲಿಯೂ ಅಮೋನಿಯಾ. ಶೂನ್ಯಕ್ಕಿಂತ 33 ಡಿಗ್ರಿ ಕೆಳಗೇ ಕುದಿಯುವ, ಕುದಿಯುವಾಗ ಅಪಾರವಾದ ಶಾಖವನ್ನು ಹೀರಿಕೊಳ್ಳುವ, ಅಗ್ಗವಾದ, ಮೇಲಣ ಓಜೋನ್ ಪದರಕ್ಕೆ ಹಾನಿಮಾಡದ ಈ ಅನಿಲಕ್ಕೆ ಶೈತ್ಯಕಾರ್ಯದಲ್ಲಿ ಸಮನಾದದ್ದು ವಿರಳ. ಅದನ್ನು ತ್ಯಜಿಸಿರೆಂದು ಹೇಳುವುದು ವಿವೇಕವಲ್ಲ.

ಅಂಥ ಒಂದು ಶೈತ್ಯಾಗಾರದ ಕಂಪ್ರೆಸರ್ ಕೋಣೆಯೊಳಗೆ ಹೋಗಿ ನಿಲ್ಲೋಣ. ಒಂದು ಗೋಡೆಗುಂಟ ಕಪ್ಪು ಬಣ್ಣ ಬಳಿದ ಸಿಲಿಂಡರುಗಳ ಯಂತ್ರ, ಅದರಿಂದ ಹೊರಟ ಕೊಳವೆಗಳಲ್ಲಿ ಒಂದು ಕೈಸುಡುವಷ್ಟು ಬಿಸಿ, ಮತ್ತೊಂದರ ಮೈಮೇಲೆ ಬೆರಳು ಗಾತ್ರದ ಬಿಳಿಯ ಹಿಮ. ಕವಾಟದ ಕಂಬಿಯು ಒಳಹೋಗುವೆಡೆಯಲ್ಲಿ ಸುತ್ತಿದ ಪ್ಯಾಕಿಂಗ್ ಹುರಿ, ಅದರ ಅಂಚಿನಲ್ಲಿ ಎಣ್ಣೆಯ ಕರೆ. ಸೋರಿಕೆಯು ಬಹುಮಟ್ಟಿಗೆ ಮೊದಲಾಗುವುದು ಈ ಪ್ಯಾಕಿಂಗಿನ ಬಳಿಯಲ್ಲೋ, ಎರಡು ಕೊಳವೆಗಳನ್ನು ಕೂಡಿಸುವ ಫ್ಲ್ಯಾಂಜಿನಲ್ಲೋ. ಅದನ್ನು ಹುಡುಕಲು ಆಪರೇಟರನು ಗಂಧಕದ ಬತ್ತಿಯನ್ನು ಹೊತ್ತಿಸಿ ಕೊಳವೆಯ ಗುಂಟ ಮೆಲ್ಲಗೆ ಒಯ್ಯುತ್ತಾನೆ. ಅಮೋನಿಯಾ ಸೋರುತ್ತಿರುವೆಡೆ ಬತ್ತಿಯ ಹೊಗೆಯು ಫಕ್ಕನೆ ದಟ್ಟವಾದ ಬಿಳಿಯ ಧೂಮವಾಗಿ ಏಳುತ್ತದೆ. ರಸಾಯನಶಾಸ್ತ್ರದ ದೃಷ್ಟಿಯಿಂದ ನಿರ್ದುಷ್ಟವಾದ, ಕೈಯಳತೆಯಲ್ಲಿ ಸ್ಥಳವನ್ನೇ ತೋರಿಸಿಕೊಡುವ ಪರೀಕ್ಷೆಯಿದು, ಮತ್ತು ಇದನ್ನು ನಡೆಸುವ ಕೈಗಳ ಮೇಲೆ ನನಗೆ ಗೌರವವಿದೆ. ಆದರೆ ಸೋರಿಕೆಯಿದೆಯೆಂಬ ಶಂಕೆ ಬಂದ ಬಳಿಕ, ಮನುಷ್ಯನು ಒಳಗೆ ಹೋದ ಬಳಿಕ, ನಡೆಸುವ ಪರೀಕ್ಷೆಯಲ್ಲವೆ ಇದು? ಎಂಟು ಗಂಟೆಯ ದುಡಿಮೆಗೆ ಸಮ್ಮತವಾದ ಮಿತಿಯು ಹತ್ತು ಲಕ್ಷಕ್ಕೆ 25 ಪಾಲು. 300 ಪಾಲಿನಲ್ಲಿ ಪ್ರಾಣಕ್ಕೂ ಆರೋಗ್ಯಕ್ಕೂ ಕೂಡಲೆ ಅಪಾಯ. ಈ ಎರಡು ಸಂಖ್ಯೆಗಳ ನಡುವೆ ಸೋರಿಕೆಯು ಏರುತ್ತಿರುವಾಗಲೇ, ನಡುರಾತ್ರಿಯಲ್ಲಿ, ಕೋಣೆ ನಿರ್ಜನವಾಗಿರುವಾಗ, ಕೂಗಿ ಹೇಳುವವರಾರು ಎಂಬುದು ಪ್ರಶ್ನೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರವು ಕಾವೇರಿಯ ದಡದ ದೇವಾಲಯಗಳಿಗೆ ಹೆಸರಾದಂತೆಯೇ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೂ ಹೆಸರಾದದ್ದು. ಸುತ್ತಲಿನ ಹಳ್ಳಿಗಳ ಬ್ಯಾರನ್ನುಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನು ಐದಾರು ದಿನ ಹಗಲಿರುಳು ಹದಗೊಳಿಸುವಾಗ, ಒಲೆಯ ಬಿಸಿಹೊಗೆಯು ತಗಡಿನ ಕೊಳವೆಗಳೊಳಗೆ ಹರಿದು, ಕೋಣೆಯನ್ನು ಕಾಯಿಸಿ, ಚಿಮಣಿಯಿಂದ ಹೊರಬೀಳಬೇಕು. ಕೊಳವೆಯು ತುಕ್ಕುಹಿಡಿದು ಸೀಳಿದರೆ ಸೊಪ್ಪೂ ಕೆಡುತ್ತದೆ, ಬೆಂಕಿಯೂ ಬೀಳಬಹುದು, ಕಾರ್ಬನ್ ಮಾನಾಕ್ಸೈಡೂ ಒಳಗೆ ಸೇರುತ್ತದೆ. ರಾತ್ರಿ ಬಿಸಿಯನ್ನು ನೋಡಲು ಬಾಗಿಲು ತೆರೆದು ಒಳಹೊಗುವ ರೈತನಿಗೆ ಮೊದಲಿನ ಎರಡು ಕಾಣುತ್ತವೆ, ಮೂರನೆಯದು ಕಾಣದು. ಚನ್ನರಾಯಪಟ್ಟಣದ ಕಡೆ ತೆಂಗಿನ ಕರಟವನ್ನು ಇದ್ದಿಲು ಮಾಡುವ ಗುಂಡಿಯ ಬಳಿಯಲ್ಲಿಯೂ ಇದೇ ಅನಿಲ. ಇನ್ನು ಹೊಳೆನರಸೀಪುರದಂಥ ಹೊಳೆಯಂಚಿನ ಊರುಗಳಲ್ಲಿ, ಹಸುಗಳನ್ನು ಸಾಕಿ ಡೇರಿಗೆ ಹಾಲು ಹಾಕುವ ಎಲ್ಲ ಹಳ್ಳಿಗಳಲ್ಲಿ, ಮಲದ ಗುಂಡಿಯೂ ಗೋಬರ್ ಗ್ಯಾಸಿನ ತೊಟ್ಟಿಯೂ ಹೈಡ್ರೋಜನ್ ಸಲ್ಫೈಡಿನ ಮನೆಗಳು. ಮುಸುಕಿನ ಜೋಳವನ್ನು ಕತ್ತರಿಸಿ ಗಾಳಿಯಾಡದಂತೆ ತುಳಿದು ಮಾಡುವ ರಸಮೇವಿನಲ್ಲಿ ಕೂಡ, ಗೊಬ್ಬರದ ನೈಟ್ರೇಟ್ ಹೆಚ್ಚಾಗಿ ಉಳಿದಿದ್ದ ಪಕ್ಷದಲ್ಲಿ, ಮೊದಲ ಕೆಲವು ದಿನ ನೈಟ್ರೋಜನ್ ಡೈಆಕ್ಸೈಡು ಹುಟ್ಟುವುದುಂಟು. ತೆರೆದ ಕಂದಕಗಳಲ್ಲಿ ಅದು ಚೆದರಿಹೋಗುತ್ತದೆ, ಆಳವಾದ ಮುಚ್ಚಿದ ಗುಂಡಿಯಲ್ಲಿ ಗಾಳಿಗಿಂತ ಭಾರವಾದ ಕಂದುಹೊಗೆಯಾಗಿ ತಳದಲ್ಲಿ ನಿಲ್ಲುತ್ತದೆ.

ಇಷ್ಟನ್ನು ಹೇಳಿ ಈಗ ಗ್ರಾಫೀನಿನ ಕಡೆ ತಿರುಗುತ್ತೇನೆ. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಎಂಬುದು ಇಂಗಾಲದ ಪರಮಾಣುಗಳು ಷಟ್ಕೋನದ ಜಾಲವಾಗಿ ಹೆಣೆದುಕೊಂಡ ಹಾಳೆಗಳ ರಾಶಿ; ಆ ಹಾಳೆಗಳಲ್ಲಿ ಒಂದೇ ಒಂದನ್ನು ಬೇರ್ಪಡಿಸಿದರೆ ದೊರೆಯುವುದು ಗ್ರಾಫೀನ್. ಇಂಥ ಏಕಪದರದ ಎಲೆಕ್ಟ್ರಾನುಗಳು ಹೇಗೆ ವರ್ತಿಸಿಯಾವೆಂದು ವಾಲೆಸ್ ಎಂಬ ವಿಜ್ಞಾನಿಯು 1947ರಲ್ಲಿಯೇ ಗಣಿಸಿದ್ದನಾದರೂ, ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಇಬ್ಬರೂ ಅಂಟುಪಟ್ಟಿಯಿಂದ ಗ್ರಾಫೈಟಿನ ಪದರಗಳನ್ನು ಸುಲಿಯುತ್ತ ಸುಲಿಯುತ್ತ ಆ ಒಂಟಿ ಹಾಳೆಯನ್ನು ಕೈಗೆ ತಂದುಕೊಂಡದ್ದನ್ನು ಲೋಕಕ್ಕೆ ತಿಳಿಸಿದ್ದು 2004ರಲ್ಲಿ; 2010ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಅವರದಾಯಿತು. ಹಾಳೆಯ ದಪ್ಪ ಒಂದು ಮಿಲಿಮೀಟರಿನ ಮೂವತ್ತು ಲಕ್ಷದ ಒಂದು ಪಾಲು. ಒಂದು ಗ್ರಾಂ ಗ್ರಾಫೀನನ್ನು ಪೂರ್ತಿಯಾಗಿ ಬಿಡಿಸಿ ಎರಡೂ ಮಗ್ಗುಲುಗಳನ್ನು ಲೆಕ್ಕಹಾಕಿದರೆ ಸುಮಾರು 2,600 ಚದರ ಮೀಟರು, ಎಂದರೆ ನಮ್ಮ ಪಹಣಿಯ ಲೆಕ್ಕದಲ್ಲಿ 26 ಗುಂಟೆ. ಬೆರಳ ತುದಿಯಲ್ಲಿ ನಿಲ್ಲುವ ಕರಿಯ ಪುಡಿಯೊಳಗೆ ಅರ್ಧ ಎಕರೆಗೂ ಮಿಕ್ಕಿದ ಮೈ ಅಡಗಿದೆ, ಮತ್ತು ಆ ಮೈಯೆಲ್ಲವೂ ಗಾಳಿಗೆ ಒಡ್ಡಿಕೊಂಡದ್ದು.

ಸಂವೇದಕಕ್ಕೆ ಬೇಕಾದ ಗುಣವು ಇಲ್ಲಿಯೇ ಇದೆ. ಸಾಮಾನ್ಯ ಲೋಹದ ತಂತಿಯ ಮೇಲೆ ಅನಿಲದ ಅಣುಗಳು ಬಂದು ಕುಳಿತರೆ ಒಳಗೆ ಹರಿಯುವ ವಿದ್ಯುತ್ತಿಗೆ ಅದರ ಪರಿವೆಯೇ ಇರದು, ಏಕೆಂದರೆ ವಿದ್ಯುತ್ತು ಹರಿಯುವುದು ಒಡಲಲ್ಲಿ, ಅಣುಗಳು ಕುಳಿತಿರುವುದು ತೊಗಲಿನ ಮೇಲೆ. ಗ್ರಾಫೀನಿಗಾದರೋ ಒಡಲೆಂಬುದೇ ಇಲ್ಲ, ಇರುವುದೆಲ್ಲ ಮೇಲ್ಮೈ. ಹೊರಗಾಳಿಯಲ್ಲಿಟ್ಟ ಗ್ರಾಫೀನಿನಲ್ಲಿ ವಿದ್ಯುತ್ತನ್ನು ಒಯ್ಯುವುದು ಮುಖ್ಯವಾಗಿ ಎಲೆಕ್ಟ್ರಾನುಗಳ ತೆರವಾದ ಸ್ಥಾನಗಳು, ಅವನ್ನು ರಂಧ್ರಗಳೆನ್ನುತ್ತಾರೆ. ನೈಟ್ರೋಜನ್ ಡೈಆಕ್ಸೈಡಿನ ಅಣುವು ಬಂದು ಹಾಳೆಯಿಂದ ಎಲೆಕ್ಟ್ರಾನನ್ನು ಸೆಳೆದುಕೊಂಡರೆ ರಂಧ್ರಗಳು ಹೆಚ್ಚಿ ರೋಧವು ಇಳಿಯುತ್ತದೆ. ಅಮೋನಿಯಾದ ಅಣುವು ಬಂದು ಎಲೆಕ್ಟ್ರಾನನ್ನು ಕೊಟ್ಟರೆ ರಂಧ್ರಗಳು ತುಂಬಿ ರೋಧವು ಏರುತ್ತದೆ. ಒಂದು ಅನಿಲ ಬೇಡುವುದು, ಒಂದು ಅನಿಲ ನೀಡುವುದು. ಎರಡೂ ಮೀಟರಿನ ಮುಳ್ಳಿನಲ್ಲಿ ವಿರುದ್ಧ ದಿಕ್ಕುಗಳಾಗಿ ಕಾಣುತ್ತವೆ. 2007ರಲ್ಲಿ ಅದೇ ಮ್ಯಾಂಚೆಸ್ಟರಿನ ತಂಡವು, ನೈಟ್ರೋಜನ್ ಡೈಆಕ್ಸೈಡಿನ ಅಣುಗಳು ಒಂದೊಂದಾಗಿ ಬಂದು ಕೂರುವಾಗಲೂ ಎದ್ದುಹೋಗುವಾಗಲೂ ರೋಧವು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದನ್ನು ತೋರಿಸಿಕೊಟ್ಟಿತು. ಒಂದು ಅಣುವಿನ ಸ್ಪರ್ಶವನ್ನು ಘನಪದಾರ್ಥದ ಸಾಧನವೊಂದು ಗುರುತಿಸಿದ್ದು ಅದೇ ಮೊದಲು. ವಿಜ್ಞಾನದ ಚರಿತ್ರೆಯಲ್ಲಿ ನಿಂತು ನೋಡಬೇಕಾದ ಪ್ರಯೋಗಗಳ ಪೈಕಿ ಇದನ್ನು ನಾನು ಎಣಿಸುತ್ತೇನೆ.

ಇದೇ ನೈಟ್ರೋಜನ್ ಡೈಆಕ್ಸೈಡಿಗೂ ಹಾಸನಕ್ಕೂ ಆಕಾಶಮಾರ್ಗವಾಗಿ ಒಂದು ಸಂಬಂಧವುಂಟು. 1982ರಿಂದ ಇಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರದ ಆಣತಿಯಂತೆ ಮೇಲಿನ ಕಕ್ಷೆಗೇರುವ ನಮ್ಮ ಸಂಪರ್ಕ ಉಪಗ್ರಹಗಳ ದ್ರವ ಎಂಜಿನುಗಳಲ್ಲಿ, ಮಿಥೈಲ್ ಹೈಡ್ರಜಿನ್ ಎಂಬ ಇಂಧನವನ್ನು ಉರಿಸುವುದು ನೈಟ್ರೋಜನ್ ಟೆಟ್ರಾಕ್ಸೈಡು. ಅದರ ಆವಿಯೇ ಈ ಕಂದುವಿಷ. ಅದನ್ನು ತುಂಬುವ ಕೆಲಸ ಹಾಸನದಲ್ಲಿ ನಡೆಯತಕ್ಕದ್ದಲ್ಲ, ಉಡಾವಣೆಯ ನೆಲೆಯಲ್ಲಿ ಮೈಪೂರಾ ಮುಚ್ಚುವ ಉಡುಪನ್ನು ತೊಟ್ಟವರು ಅದನ್ನು ಮಾಡುತ್ತಾರೆ. ಉಪಗ್ರಹಕ್ಕೆ ಇಂಧನ ತುಂಬುವವನಿಗೆ ದೊರೆಯುವ ಈ ಕಾಪು, ಮೇವಿನ ಗುಂಡಿಗಿಳಿಯುವವನಿಗೂ ಮಲದ ಗುಂಡಿಯ ಅಂಚಿನಲ್ಲಿ ನಿಲ್ಲುವವನಿಗೂ ಏಕೆ ದೊರೆಯಬಾರದೆಂದು ನಾನು ಕೇಳುತ್ತೇನೆ.

ನಮ್ಮ ನಾಡು ಈ ಶೋಧದಲ್ಲಿ ಹಿಂದೆ ಬಿದ್ದಿಲ್ಲವೆಂಬುದನ್ನು ಹೇಳಲು ಸಂತೋಷವಾಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತರತ್ನ ಸಿ. ಎನ್. ಆರ್. ರಾವ್ ಅವರೂ ಅವರ ಸಹೋದ್ಯೋಗಿಗಳೂ 2009ರಲ್ಲಿಯೇ ಕೆಲವೇ ಪದರಗಳ ಗ್ರಾಫೀನನ್ನು ಮೂರು ಬೇರೆಬೇರೆ ಮಾರ್ಗಗಳಿಂದ ತಯಾರಿಸಿ, ನೈಟ್ರೋಜನ್ ಡೈಆಕ್ಸೈಡಿಗೂ ಗಾಳಿಯ ತೇವಕ್ಕೂ ಅವು ಹೇಗೆ ಪ್ರತಿಕ್ರಿಯಿಸುತ್ತವೆಂಬುದನ್ನು ಪರೀಕ್ಷಿಸಿದರು. ಗ್ರಾಫೈಟಿನ ಆಕ್ಸೈಡನ್ನು ಕಾಯಿಸಿ ಬಿಡಿಸಿದ್ದು ಒಂದು, ಅತಿಸೂಕ್ಷ್ಮ ವಜ್ರದ ಕಣಗಳನ್ನು ಪರಿವರ್ತಿಸಿದ್ದು ಇನ್ನೊಂದು, ಜಲಜನಕದ ನಡುವೆ ವಿದ್ಯುತ್ ಚಾಪದಿಂದ ಪಡೆದದ್ದು ಮತ್ತೊಂದು. ವಿಷಾನಿಲಕ್ಕೆ ಹೆಚ್ಚು ಮಿಡಿದದ್ದು ವಜ್ರದಿಂದ ಬಂದದ್ದು. ತೇವಕ್ಕೆ ಹೆಚ್ಚು ಮಿಡಿದದ್ದು ಚಾಪದಿಂದ ಬಂದದ್ದು. ಗ್ರಾಫೀನೆಂಬ ಹೆಸರೊಂದೇ ಆದರೂ ಹುಟ್ಟಿದ ದಾರಿಯಂತೆ ಗುಣ ಬೇರೆಯೆಂಬುದು ಇದರಿಂದ ಸ್ಪಷ್ಟ. ತೇವದ ಮಾತಿಗೆ ಮುಂದೆ ಬರುತ್ತೇನೆ, ಏಕೆಂದರೆ ನನ್ನ ಮುಖ್ಯ ಅಭಿಪ್ರಾಯವು ಅದರ ಮೇಲೆ ನಿಂತಿದೆ.

ಅದೇ 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಿಂದ ಅನಿರೀಕ್ಷಿತವಾದ ವಾರ್ತೆಯೊಂದು ಬಂತು. ಸಾಧನವನ್ನು ತಯಾರಿಸುವಾಗ ಗ್ರಾಫೀನಿನ ಮೇಲೆ ಉಳಿದುಬಿಡುವ ಪಾಲಿಮರಿನ ಅಂಟನ್ನು ಪೂರ್ತಿಯಾಗಿ ತೊಲಗಿಸಿ ನೋಡಿದರೆ, ಅನಿಲಗಳಿಗೆ ಅದರ ಸ್ಪಂದನವು ಬಹಳ ಕ್ಷೀಣವಾಗಿಹೋಯಿತು. ಶುದ್ಧವಾದ ಹಾಳೆಯು ಅಣುಗಳನ್ನು ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ. ಹಿಡಿದುಕೊಳ್ಳುವುದು ಅದರ ಮೇಲಿನ ಕಲೆ, ಬಿರುಕು, ಆಮ್ಲಜನಕದ ಗುಂಪುಗಳು. ಇದನ್ನು ನಿರಾಶೆಯ ವಾರ್ತೆಯೆಂದು ತಿಳಿದವರಿದ್ದರು. ನಮ್ಮಂಥವರಿಗಾದರೋ ಇದು ಶುಭವಾರ್ತೆ. ದುಬಾರಿಯಾದ ಕುಲುಮೆಯಲ್ಲಿ ಬೆಳೆಸಿದ ಪರಿಶುದ್ಧ ಹಾಳೆಯೇ ಬೇಕೆಂಬ ನಿರ್ಬಂಧವಿಲ್ಲದೆ, 1958ರಲ್ಲಿ ಹಮ್ಮರ್ಸ್ ಮತ್ತು ಆಫ್‌ಮನ್ ಪ್ರಕಟಿಸಿದ ವಿಧಾನದಂತೆ ಗ್ರಾಫೈಟಿನ ಪುಡಿಯನ್ನು ಗಂಧಕಾಮ್ಲದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟಿನೊಡನೆ ಉತ್ಕರ್ಷಿಸಿ, ನೀರಿನಲ್ಲಿ ಬಿಡಿಸಿ, ಮತ್ತೆ ಅಪಕರ್ಷಿಸಿದರೆ ದೊರೆಯುವ ಒರಟಾದ, ಕಲೆಗಳುಳ್ಳ ಗ್ರಾಫೀನೇ ಈ ಕೆಲಸಕ್ಕೆ ಲೇಸು. ಅಪಕರ್ಷಣಕ್ಕೆ ಹಿಂದೆ ಬಳಸುತ್ತಿದ್ದ ಹೈಡ್ರಜಿನ್ ಸ್ವತಃ ವಿಷ. ಅದರ ಬದಲು ನಿಂಬೆ ನೆಲ್ಲಿಗಳಲ್ಲಿರುವ ಸಿ ಜೀವಸತ್ತ್ವವೇ ಸಾಕಾಗುತ್ತದೆ.

ಸಂವೇದಕದ ಆಕಾರವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಹೆಬ್ಬೆರಳಿನ ಉಗುರಿನಷ್ಟಗಲದ ಬಿಳಿಯ ಪಿಂಗಾಣಿ ಬಿಲ್ಲೆ. ಅದರ ಮೇಲೆ, ಎರಡು ಬಾಚಣಿಗೆಗಳ ಹಲ್ಲುಗಳು ಒಂದರೊಳಗೊಂದು ಸೇರಿಯೂ ತಾಗದಿರುವಂತೆ ಮುದ್ರಿಸಿದ ಬೆಳ್ಳಿಯ ಗೆರೆಗಳು. ಆ ಹಲ್ಲುಗಳ ನಡುವೆ ಕಪ್ಪುನೀರಿನಂಥ ಗ್ರಾಫೀನ್ ದ್ರಾವಣದ ಒಂದು ತೊಟ್ಟನ್ನು ಸೂಕ್ಷ್ಮನಳಿಕೆಯಿಂದ ಇಳಿಬಿಟ್ಟು, ದೀಪದ ಹದಬಿಸಿಯಲ್ಲಿ ಒಣಗಿಸಿದರೆ, ಅಂಚಿನಲ್ಲಿ ತುಸು ಗಾಢವಾಗಿ ನಡುವೆ ತೆಳುವಾಗಿ ಬೂದುಬಣ್ಣದ ಮಚ್ಚೆಯೊಂದು ಉಳಿಯುತ್ತದೆ. ಎರಡು ತಂತಿಗಳನ್ನು ಸಾಧಾರಣ ಮಲ್ಟಿಮೀಟರಿಗೆ ಸೇರಿಸಿ, ಬಿಲ್ಲೆಯನ್ನು ಗಾಜಿನ ಭರಣಿಯಲ್ಲಿಟ್ಟು, ಅಮೋನಿಯಾ ದ್ರಾವಣದಲ್ಲಿ ಅದ್ದಿದ ಕಡ್ಡಿಯನ್ನು ಒಳಗೆ ಹಿಡಿದರೆ ಸಂಖ್ಯೆಯು ಮೇಲೇರತೊಡಗುವುದನ್ನು ಪದವಿ ತರಗತಿಯ ಹುಡುಗಿಯೊಬ್ಬಳು ತನ್ನ ಕಣ್ಣಿಂದ ಕಾಣಬಹುದು. ಕಾಯಿಸುವ ತಂತಿಯಿಲ್ಲ, ದೊಡ್ಡ ಬ್ಯಾಟರಿಯಿಲ್ಲ. ಕೋಣೆಯ ಉಷ್ಣತೆಯಲ್ಲಿಯೇ ಎಲ್ಲವೂ ನಡೆಯುತ್ತದೆ.

ಈ ಇಂಗಾಲವನ್ನು ನಮ್ಮ ತೆಂಗಿನ ಕರಟದಿಂದಲೇ ಪಡೆಯಬಾರದೇಕೆ ಎಂದು ಚನ್ನರಾಯಪಟ್ಟಣದ ಕಡೆಯ ಮಿತ್ರರು ಕೇಳುವುದುಂಟು. ಕೇಳುವುದು ಸಹಜವೂ ಹೌದು. ಇಲ್ಲಿ ಉತ್ಸಾಹಕ್ಕೆ ಸ್ವಲ್ಪ ತಡೆಯೊಡ್ಡಬೇಕಾಗಿದೆ. ಮುಂದೆ ಡಿ.ಎನ್.ಎ. ರಚನೆಯ ಶೋಧದಲ್ಲಿ ಹೆಸರಾದ ರೊಸಲಿಂಡ್ ಫ್ರಾಂಕ್ಲಿನ್ ಎಂಬಾಕೆಯು 1951ರಲ್ಲಿ ಇಂಗಾಲಗಳನ್ನು ಎರಡು ಜಾತಿಯಾಗಿ ವಿಂಗಡಿಸಿದರು: ಕಾಯಿಸಿದರೆ ಪದರಪದರವಾಗಿ ಜೋಡಿಕೊಂಡು ಗ್ರಾಫೈಟಾಗುವವು, ಮೂರು ಸಾವಿರ ಡಿಗ್ರಿಗೆ ಕಾಯಿಸಿದರೂ ಆಗದೆಹೋಗುವವು. ಕರಟದ ಇದ್ದಿಲು ಎರಡನೆಯ ಜಾತಿಗೆ ಸೇರಿದ್ದು. ಅದರ ಚೂರುಹಾಳೆಗಳು ಅಡ್ಡಾದಿಡ್ಡಿಯಾಗಿ ಒಂದಕ್ಕೊಂದು ಬೆಸೆದುಕೊಂಡಿರುವುದರಿಂದಲೇ ಅದು ಅಷ್ಟು ಗಟ್ಟಿ, ಅಷ್ಟು ರಂಧ್ರಮಯ. ನೀರನ್ನೂ ಗಾಳಿಯನ್ನೂ ಸೋಸುವುದಕ್ಕೆ ಅದಕ್ಕಿಂತ ಉತ್ತಮವಾದ ಇಂಗಾಲವು ವಿರಳ. ಕಬ್ಬಿಣ, ನಿಕ್ಕಲುಗಳ ಲವಣವನ್ನು ಬೆರೆಸಿ ಕಾಯಿಸಿದರೆ ಒಂದಷ್ಟು ಭಾಗವು ಪದರಗೊಳ್ಳುತ್ತದೆಂಬುದು ನಿಜ, ಅದನ್ನು ಶೋಧಿಸುವವರು ಶೋಧಿಸಲಿ. ಆದರೆ ಕರಟವನ್ನು ಸುಟ್ಟ ಪುಡಿಯೆಲ್ಲವೂ ಗ್ರಾಫೀನೆಂದು ಮಾರುವವರ ಮಾತಿಗೆ ನಮ್ಮ ರೈತರು ಬಂಡವಾಳ ಹೂಡುವುದನ್ನು ನಾನು ಬಯಸೆನು. ವಿಷಾನಿಲವನ್ನು ಹೀರುವ ಮುಖವಾಡಗಳಲ್ಲಿ ಕರಟದ ಇದ್ದಿಲಿಗೆ ಗೌರವದ ಸ್ಥಾನವಿದೆ, ಅಲ್ಲಿ ಅದರ ಬೆಲೆ ಸತ್ಯವಾದ ಬೆಲೆ.

ಇನ್ನು ತೊಡಕುಗಳ ಮಾತು. ಮೊದಲನೆಯದು, ಬಂದು ಕುಳಿತ ಅಣು ಎದ್ದುಹೋಗಲು ಒಪ್ಪದಿರುವುದು. ಮ್ಯಾಂಚೆಸ್ಟರಿನವರು ತಮ್ಮ ಹಾಳೆಯನ್ನು 150 ಡಿಗ್ರಿಗೆ ಕಾಯಿಸಿ ಅಣುಗಳನ್ನು ಓಡಿಸಬೇಕಾಯಿತು. ಹಾಗೆ ಮಾಡದಿದ್ದರೆ ನಿನ್ನೆಯ ಸೋರಿಕೆಯ ನೆನಪಿನಲ್ಲಿಯೇ ಇಂದೂ ಕೂಗುವ ಗಂಟೆಯಾಗುತ್ತದೆ. ಎರಡನೆಯದು, ರೋಧವು ಏರಿತೆಂಬುದರಿಂದ ಏರಿಸಿದವರಾರೆಂದು ತಿಳಿಯದಿರುವುದು. ಇದಕ್ಕೆ ಕೃಷ್ಣ ಪರ್ಸಾಡ್ ಮತ್ತು ಜಾರ್ಜ್ ಡಾಡ್ ಎಂಬವರು 1982ರಲ್ಲಿ ತೋರಿಸಿದ ಮಾರ್ಗವುಂಟು: ಬೇರೆಬೇರೆ ಅಭಿರುಚಿಯ ಹಲವು ಸಂವೇದಕಗಳನ್ನು ಸಾಲಾಗಿರಿಸಿ, ಎಲ್ಲವುಗಳ ಉತ್ತರವನ್ನೂ ಕೂಡಿಸಿ ಓದುವುದು. ಗ್ರಾಫೀನಿಗೆ ತಾಮ್ರದ ಆಕ್ಸೈಡನ್ನು ಬೆರೆಸಿದರೆ, ಅದು ಹೈಡ್ರೋಜನ್ ಸಲ್ಫೈಡಿನೊಡನೆ ಕೂಡಿ ವಿದ್ಯುದ್ವಾಹಕವಾದ ಸಲ್ಫೈಡಾಗುವುದರಿಂದ, ಆ ಒಂದು ಅನಿಲಕ್ಕೆ ವಿಶೇಷವಾಗಿ ಮಿಡಿಯುತ್ತದೆ. ಹೀಗೆ ಸಾಲಿನ ಒಂದೊಂದು ಬಿಲ್ಲೆಗೂ ಒಂದೊಂದು ಸಂಸ್ಕಾರ. ಕಾರ್ಬನ್ ಮಾನಾಕ್ಸೈಡಿನ ವಿಷಯದಲ್ಲಿ ಗ್ರಾಫೀನು ಇನ್ನೂ ದುರ್ಬಲ. ಆದುದರಿಂದ ರಾಮನಾಥಪುರದ ರೈತರಿಗೆ ನನ್ನ ಮಾತು ನೇರವಾದದ್ದು: ನೀವು ಗ್ರಾಫೀನಿಗಾಗಿ ಕಾಯಬೇಡಿ, ವಿದ್ಯುದ್ರಾಸಾಯನಿಕ ಕೋಶವುಳ್ಳ ಮಾನಾಕ್ಸೈಡ್ ಗಂಟೆಗಳು ಇಂದೇ ಅಂಗಡಿಯಲ್ಲಿ ದೊರೆಯುತ್ತವೆ, ಅವಕ್ಕೆ ಕೆಲವು ವರ್ಷಗಳ ಆಯುಸ್ಸು ಮಾತ್ರವಾದರೂ ಅಷ್ಟರಮಟ್ಟಿಗೆ ನಂಬಿಕೆಗೆ ಅರ್ಹ. ಜಪಾನಿನ ತಗುಚಿಯವರು 1962ರ ಸುಮಾರಿನಲ್ಲಿ ರೂಪಿಸಿದ ತವರದ ಆಕ್ಸೈಡಿನ ಸಂವೇದಕವೂ ಅಡುಗೆ ಅನಿಲದ ಸೋರಿಕೆಗೆ ಅರ್ಧ ಶತಮಾನದಿಂದ ಸೇವೆ ಸಲ್ಲಿಸಿದೆ. ಅದು ಇನ್ನೂರು ಮುನ್ನೂರು ಡಿಗ್ರಿಯ ಬಿಸಿಯನ್ನು ಬೇಡುವುದು ಅದರ ಒಂದು ಕೊರತೆ.

ಮೂರನೆಯ ತೊಡಕೇ ತೇವ. ನೀರಿನ ಅಣುವೂ ಗ್ರಾಫೀನಿನ ಮೇಲೆ ಬಂದು ಕೂರುತ್ತದೆ. ಆಮ್ಲಜನಕದ ಗುಂಪುಗಳು ಹೆಚ್ಚಿರುವ ಹಾಳೆಯ ಮೇಲೆ ಇನ್ನಷ್ಟು ಬಿಗಿಯಾಗಿ ಕೂತು ತೆಳುವಾದ ನೀರ್ಪೊರೆಯನ್ನೇ ಕಟ್ಟುತ್ತದೆ. ಆ ಪೊರೆಯು ತನ್ನದೇ ಆದ ವಿದ್ಯುತ್ತಿನ ದಾರಿಯೊಂದನ್ನು ತೆರೆಯುತ್ತದೆ. ನೀರಿಗೆ ಅತಿಪ್ರಿಯವಾದ ಅಮೋನಿಯಾವು ಹಾಳೆಯನ್ನು ಮುಟ್ಟುವ ಮೊದಲೇ ಅದರಲ್ಲಿ ಕರಗಿಬಿಡುತ್ತದೆ. ವಿದೇಶದ ಪ್ರಯೋಗಾಲಯದಲ್ಲಿ ಒಣ ಸಾರಜನಕದ ನಡುವೆ ಪಡೆದ ಸೊಗಸಾದ ಗೆರೆಯು, ಜುಲೈ ತಿಂಗಳಲ್ಲಿ ಸಕಲೇಶಪುರದ ಘಟ್ಟದಿಂದ ಮೋಡವಿಳಿದು ಹಾಸನದ ಗೋಡೆಗಳು ಬೆವರುವಾಗ ಅದೇ ರೂಪದಲ್ಲಿ ಬರಲಾರದು. ಶೈತ್ಯಾಗಾರದ ಒಳಕೋಣೆಯಂತೂ ವರ್ಷವಿಡೀ ಮಳೆಗಾಲ. ನೀರನ್ನು ತಡೆದು ಅನಿಲವನ್ನು ಬಿಡುವ ಟೆಫ್ಲಾನ್ ಪೊರೆಯನ್ನು ಮುಚ್ಚುವುದು, ಪಕ್ಕದಲ್ಲಿ ಆರ್ದ್ರತೆಯ ಮಾಪಕವೊಂದನ್ನಿಟ್ಟು ಅದರ ಪಾಲನ್ನು ಕಳೆಯುವುದು, ಆಗಾಗ ಅಲ್ಪಬಿಸಿ ಕೊಟ್ಟು ಪೊರೆಯನ್ನು ಓಡಿಸುವುದು, ಹೀಗೆ ಉಪಾಯಗಳುಂಟು. ಅವುಗಳಲ್ಲಿ ಯಾವುದು ನಿಲ್ಲುತ್ತದೆಂಬುದನ್ನು ಬೆಂಗಳೂರಾಗಲಿ ಮ್ಯಾಂಚೆಸ್ಟರಾಗಲಿ ನಮಗಾಗಿ ನಿರ್ಣಯಿಸಲಾರವು. ನಮ್ಮ ಮಳೆಯಲ್ಲಿ ನಮ್ಮವರೇ ಪರೀಕ್ಷಿಸದೆ ಈ ಸಾಧನವು ನಮ್ಮದಾಗದೆಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಇದನ್ನು ಹೇಳುವುದಕ್ಕಾಗಿಯೇ ನಾನು ಈ ವೇದಿಕೆಯನ್ನೇರಿದೆನು.

ಮಲದ ಗುಂಡಿಯ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಬೆಂಗಳೂರಿನ ನ್ಯಾನೋ ಮತ್ತು ಮೃದುವಸ್ತು ವಿಜ್ಞಾನ ಕೇಂದ್ರದವರು ವಿದೇಶೀ ಸಹಕಾರದೊಡನೆ ಚರಂಡಿಯ ಹೈಡ್ರೋಜನ್ ಸಲ್ಫೈಡನ್ನು ಗುರುತಿಸುವ ಎಲೆಕ್ಟ್ರಾನಿಕ್ ಮೂಗೊಂದನ್ನು ರಚಿಸಿರುವುದು ಅಭಿನಂದನೀಯ. ಆದರೆ ಅಂಥ ಮಾಪಕವು ಗಾಳಿ ಶುದ್ಧವೆಂದು ಹೇಳಿತೆಂಬ ಕಾರಣಕ್ಕೆ ಮನುಷ್ಯನನ್ನು ಗುಂಡಿಗಿಳಿಸುವುದು ಸಲ್ಲದು. ಕಲಕಿದೊಡನೆ ಕೆಸರಿನ ಅಡಿಯಿಂದ ಅನಿಲವು ಮತ್ತೆ ಬುಗ್ಗೆಂದು ಏಳುತ್ತದೆ, ಒಂದು ಉಸಿರಿನಲ್ಲಿ ಮಾಪಕದ ಸಾಕ್ಷ್ಯ ಸುಳ್ಳಾಗುತ್ತದೆ. 2013ರ ಕಾನೂನು ರಕ್ಷಣೆಯಿಲ್ಲದ ಅಂಥ ದುಡಿಮೆಯನ್ನು ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಸಲ್ಲಬೇಕೆಂದು 2014ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೇರಿಸಿದೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿ, ಇಂಥ ದುಡಿಮೆಗೆ ಸಿಲುಕಿದ ಸಮುದಾಯದ ಬಿಡುಗಡೆಗಾಗಿ ಜೀವವನ್ನು ತೇದು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಪಡೆದ ಬೆಜವಾಡ ವಿಲ್ಸನ್ನರು ಕೇಳುತ್ತಿರುವುದು ಉತ್ತಮವಾದ ಮಾಪಕವನ್ನಲ್ಲ, ಇಳಿಯದೆಯೇ ಕೆಲಸವಾಗುವ ಏರ್ಪಾಡನ್ನು. ಅಲ್ಲಿ ಸಂವೇದಕದ ಸ್ಥಾನವು ಗುಂಡಿಯ ಬಾಯಲ್ಲಿ, ಯಂತ್ರವನ್ನು ನಡೆಸುವವನ ಮತ್ತು ದಾರಿಹೋಕರ ರಕ್ಷಣೆಗೆ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವುದಾದರೆ, ಶೈತ್ಯಾಗಾರದ ಕಂಪ್ರೆಸರ್ ಕೋಣೆಯಿಂದ. ಗ್ರಾಫೀನು ಚೆನ್ನಾಗಿ ಗುರುತಿಸುವ ಅನಿಲವೇ ಅಲ್ಲಿದೆ; ಕಾವಲಿಗೆ ವಿದ್ಯುತ್ತಿದೆ, ದಿನಚರಿಯ ಪುಸ್ತಕವಿದೆ, ಅನುಭವವುಳ್ಳ ಆಪರೇಟರಿದ್ದಾರೆ. ಅಮೋನಿಯಾವು ಗಾಳಿಗಿಂತ ಹಗುರವಾದ್ದರಿಂದ ಸಂವೇದಕವನ್ನು ಸೂರಿನ ಕೆಳಗೆ ಕಟ್ಟಬೇಕೆಂದು ಪುಸ್ತಕಗಳು ಹೇಳುತ್ತವೆ. ಆದರೆ ದ್ರವವಾಗಿ ಚಿಮ್ಮಿದ ಅಮೋನಿಯಾವು ತೇವದ ಗಾಳಿಯಲ್ಲಿ ತಣ್ಣನೆಯ ಬಿಳಿಯ ಮಂಜಾಗಿ ನೆಲವನ್ನೇ ಹಿಡಿದು ಹರಿಯುವುದರಿಂದ, ನಮ್ಮ ಹವೆಯಲ್ಲಿ ಮೊಣಕಾಲ ಮಟ್ಟದಲ್ಲಿಯೂ ಒಂದು ಬೇಕು. 1960ರಿಂದ ಈ ಊರಿನಲ್ಲಿರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳೂ, ಹೇಮಗಂಗೋತ್ರಿ ವಿಶ್ವವಿದ್ಯಾಲಯ ಆವರಣದ ರಸಾಯನಶಾಸ್ತ್ರದ ವಿದ್ಯಾರ್ಥಿಗಳೂ ಕೂಡಿ, ಬಿತ್ತನೆ ಗೆಡ್ಡೆ ಬರುವ ಬೇಸಿಗೆಯಿಂದ ಮಳೆಗಾಲವು ಮುಗಿಯುವವರೆಗೆ ಈ ಎರಡು ಬಿಲ್ಲೆಗಳನ್ನೂ ಪಕ್ಕದಲ್ಲೊಂದು ನಂಬಿಕೆಯ ಹಳೆಯ ಮಾಪಕವನ್ನೂ ಇರಿಸಿ, ಗಂಟೆಗೊಮ್ಮೆ ರೋಧ, ಉಷ್ಣತೆ, ಆರ್ದ್ರತೆಗಳನ್ನು ಬರೆದಿಡಲಿ. ತಿಂಗಳಿಗೊಮ್ಮೆ ಅಳತೆಯ ಅನಿಲದಿಂದ ತಾಳೆನೋಡಲಿ. ಬಿಲ್ಲೆಯು ಸುಮ್ಮನೆ ಕೂಗಿದ ದಿನಗಳನ್ನೂ ಕೂಗಬೇಕಾದಾಗ ಸುಮ್ಮನಿದ್ದ ದಿನಗಳನ್ನೂ ಬಿಡದೆ ದಾಖಲಿಸಲಿ. ಗಂಧಕದ ಬತ್ತಿ ಹಿಡಿದ ಆಪರೇಟರರನ್ನು ಆ ತಂಡದಲ್ಲಿ ಸೇರಿಸಿಕೊಂಡು, ವರದಿಯಲ್ಲಿ ಅವರ ಹೆಸರನ್ನೂ ಮುದ್ರಿಸಬೇಕು. ಯಾವ ಫ್ಲ್ಯಾಂಜು ಯಾವ ತಿಂಗಳು ಸೋರುತ್ತದೆಂಬುದನ್ನು ಅವರಷ್ಟು ಬಲ್ಲವರು ಬೇರೆ ಇಲ್ಲ. ಇದಕ್ಕೆ ತಗಲುವ ವೆಚ್ಚವು ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಮೀರಿದ್ದಲ್ಲ, ಮತ್ತು ಕೆಲಸವನ್ನು ಬರುವ ಬೇಸಿಗೆಯಲ್ಲಿಯೇ ತೊಡಗಬಹುದು.